ಅಕಿಹಾಬರದ ವಿದ್ಯುದ್ವೀಥಿ

ಜಪಾನು ದೇಶದ ರಾಜಧಾನಿಯಾದ ಟೋಕಿಯೋ ಮಹಾನಗರದಲ್ಲಿ ಅಕಿಹಾಬರವೆಂಬ ಒಂದು ಪೇಟೆಯುಂಟು. ವಿದ್ಯುದ್ಯಂತ್ರಗಳೂ ಗಣಕಯಂತ್ರಗಳೂ ಅವುಗಳ ಅಂಗೋಪಾಂಗಗಳೂ ಮಾರಾಟವಾಗುವ ಪೇಟೆಗಳಲ್ಲಿ ಇದು ಜಗತ್ಪ್ರಸಿದ್ಧವಾದುದು. ಯಾತ್ರೆಗೆ ಹೋದವರು ಕ್ಷೇತ್ರಮಾಹಾತ್ಮ್ಯವನ್ನು ಮೊದಲು ಕೇಳಿ ಆಮೇಲೆ ದೇವರ ದರ್ಶನಮಾಡುವುದು ನಮ್ಮಲ್ಲಿನ ಪದ್ಧತಿ. ಅದರಂತೆ ಈ ಪೇಟೆಯ ಪೂರ್ವೋತ್ತರವನ್ನು ಮೊದಲು ಹೇಳಿ, ಅನಂತರ ನಾನು ಅಲ್ಲಿಗೆ ಹೋದ ಕಾರಣವನ್ನೂ ಅಲ್ಲಿ ಕಂಡದ್ದನ್ನೂ ಕೊಂಡದ್ದನ್ನೂ ವಾಚಕರಿಗೆ ನಿವೇದಿಸುತ್ತೇನೆ.

ಅಕಿಹಾಬರವೆಂಬ ಹೆಸರನ್ನು ಮೂರು ಚೀನೀ ಅಕ್ಷರಗಳಿಂದ ಬರೆಯುತ್ತಾರೆ. ಅವುಗಳಿಗೆ ಕ್ರಮವಾಗಿ ಶರದೃತು, ಎಲೆ, ಬಯಲು ಎಂದು ಅರ್ಥ. ಸಂಸ್ಕೃತಕ್ಕೆ ತಿರುಗಿಸಿದರೆ ‘ಶರತ್ಪರ್ಣಕ್ಷೇತ್ರ’ವೆಂದಾದೀತು. ಆದರೆ ಹೆಸರು ಬಂದುದು ಎಲೆಗಳಿಂದಲ್ಲ, ಬೆಂಕಿಯಿಂದ. 1869ರಲ್ಲಿ ಈ ಭಾಗದಲ್ಲಿ ಭಾರಿಯಾದ ಅಗ್ನಿಪ್ರಮಾದವಾಯಿತು. ಆಗಿನ ಮನೆಗಳೆಲ್ಲ ಮರದವು. ಬೆಂಕಿ ಒಂದು ಕೇರಿಯಿಂದ ಇನ್ನೊಂದಕ್ಕೆ ಹಾರುವುದನ್ನು ತಡೆಯುವುದಕ್ಕಾಗಿ ಸುಟ್ಟ ನೆಲವನ್ನು ಬಯಲಾಗಿಯೇ ಬಿಟ್ಟು, 1870ರಲ್ಲಿ ಅಲ್ಲಿ ಅಗ್ನಿಶಾಂತಿಗೆಂದು ಒಂದು ಗುಡಿಯನ್ನು ಕಟ್ಟಿಸಿದರು. ಅಗ್ನಿಭಯವನ್ನು ಪರಿಹರಿಸುವ ದೇವತೆಯೆಂದು ಆ ದೇಶದಲ್ಲಿ ಪ್ರಸಿದ್ಧವಾದುದು ಅಕಿಬ ದೇವತೆ. ಜನರು ಈ ಗುಡಿಯೂ ಆ ದೇವತೆಯದೇ ಎಂದು ಭಾವಿಸಿ, ಸ್ಥಳಕ್ಕೆ ‘ಅಕಿಬನ ಬಯಲು’ ಎಂದು ಹೆಸರಿಟ್ಟರು. ರೈಲುದಾರಿ ಬರುವುದೆಂದು 1888ರಲ್ಲಿ ಗುಡಿಯನ್ನು ಬೇರೆ ಕಡೆಗೆ ಸಾಗಿಸಿದರು. 1890ರಲ್ಲಿ ಸರಕಿನ ನಿಲ್ದಾಣವಾಯಿತು. 1925ರಿಂದ ಪ್ರಯಾಣಿಕರೂ ಅಲ್ಲಿ ಇಳಿಯತೊಡಗಿದರು. ದೇವರು ಹೋದರೂ ದೇವರ ಹೆಸರು ನೆಲಕ್ಕೆ ಅಂಟಿಕೊಂಡು ಉಳಿದಿದೆ.

ಈಗಿನ ಪೇಟೆಯ ಮೂಲವನ್ನು ಎರಡನೆಯ ಮಹಾಯುದ್ಧದ ಅನಂತರದ ಕಷ್ಟಕಾಲದಲ್ಲಿ ಹುಡುಕಬೇಕು. 1945ರಲ್ಲಿ ಯುದ್ಧವು ಮುಗಿದಾಗ ಟೋಕಿಯೋ ನಗರದ ಬಹುಭಾಗವು ಬೂದಿಯಾಗಿದ್ದಿತು. ಸುದ್ದಿ ಕೇಳಲು ಎಲ್ಲರಿಗೂ ರೇಡಿಯೋ ಬೇಕು. ಕೊಳ್ಳಹೋದರೆ ರೇಡಿಯೋ ಇಲ್ಲ. ಸಮೀಪದ ಕಾಂಡ ಎಂಬ ಭಾಗದಲ್ಲಿ ವಿದ್ಯುಚ್ಛಾಸ್ತ್ರವನ್ನು ಕಲಿಸುವ ಒಂದು ಶಾಲೆಯಿದ್ದಿತು. ಇಂದಿನ ಟೋಕಿಯೋ ಡೆಂಕಿ ವಿಶ್ವವಿದ್ಯಾನಿಲಯವು ಅದರಿಂದಲೇ ಬೆಳೆದು ಬಂದದ್ದು. ಅಲ್ಲಿಯ ಬಡ ವಿದ್ಯಾರ್ಥಿಗಳು ವಾಲ್ವುಗಳನ್ನೂ ತಂತಿಗಳನ್ನೂ ಕೂಡಿಸಿ ರೇಡಿಯೋ ಜೋಡಿಸಿ ಮಾರಿ ಓದಿನ ವೆಚ್ಚವನ್ನು ಸಂಪಾದಿಸುತ್ತಿದ್ದರು. ಅವರಿಗೆ ಬೇಕಾದ ಬಿಡಿಭಾಗಗಳನ್ನು ಮಾರುವವರು ಬೀದಿಯ ಬದಿಯಲ್ಲಿ ಸಾಲುಸಾಲಾಗಿ ಕುಳಿತರು. 1949ರಲ್ಲಿ, ದೇಶವನ್ನು ಆಗ ಆಳುತ್ತಿದ್ದ ಮಿತ್ರಪಕ್ಷದ ಸೇನಾಡಳಿತವು ಬೀದಿಯಂಗಡಿಗಳನ್ನೆಲ್ಲ ತೆಗೆಯತಕ್ಕದ್ದೆಂದು ಆಜ್ಞೆಮಾಡಿತು. ವ್ಯಾಪಾರಿಗಳು ಮೊರೆಯಿಡಲಾಗಿ, ಅಕಿಹಾಬರ ನಿಲ್ದಾಣದ ಎತ್ತರದ ರೈಲುಸೇತುವೆಯ ಅಡಿಯಲ್ಲಿ ಅವರಿಗೆ ಸ್ಥಳ ದೊರೆಯಿತು. ಆ ಸೇತುವೆಯ ಕೆಳಗಣ ‘ರೇಡಿಯೋ ಸೆಂಟರ್’ ಎಂಬ ಅಂಗಡಿಗಳ ಸಮೂಹವು ಹುಟ್ಟಿದ್ದು ಹೀಗೆ.

ಮುಂದೆ ದೇಶವು ಚೇತರಿಸಿಕೊಂಡಂತೆ ಪೇಟೆಯೂ ಬೆಳೆಯಿತು. ರೇಡಿಯೋದ ಬೆನ್ನಿಗೆ ಟೆಲಿವಿಷನ್ನು, ಶೀತಕದ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಬಂದವು. 1976ರಲ್ಲಿ ನಿಪ್ಪಾನ್ ಎಲೆಕ್ಟ್ರಿಕ್ ಕಂಪೆನಿಯವರು ‘ಟಿ.ಕೆ. 80’ ಎಂಬ, ಕೊಂಡವರೇ ಜೋಡಿಸಿಕೊಳ್ಳತಕ್ಕ ಒಂದು ಚಿಕ್ಕ ಗಣಕಯಂತ್ರವನ್ನು ಹೊರತಂದರು. ಅದೇ ವರ್ಷ ‘ರೇಡಿಯೋ ಕೈಕಾನ್’ ಎಂಬ ಇಲ್ಲಿಯ ಹಳೆಯ ಕಟ್ಟಡದಲ್ಲಿ, ಕೊಂಡವರ ಸಂಶಯಗಳನ್ನು ಪರಿಹರಿಸಲು ಒಂದು ಕೊಠಡಿಯನ್ನೂ ತೆರೆದರು. ಶಾಲೆಯ ಹುಡುಗರೂ ಆಫೀಸಿನ ಗುಮಾಸ್ತರೂ ಅಲ್ಲಿ ಕುಳಿತು ಗಣಕವಿದ್ಯೆಯನ್ನು ಕಲಿತರು. ಆ ಕಟ್ಟಡವನ್ನು 2011ರಲ್ಲಿ ಕೆಡವಿದರು. ಹೊಸದು 2014ರಲ್ಲಿ ತೆರೆಯಿತು.

ಇನ್ನು ನಾನು ಅಲ್ಲಿಗೆ ಹೋದ ಕಾರಣ. ತೀರ್ಥಹಳ್ಳಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನನ್ನೊಡನೆ ಸಂಸ್ಕೃತವನ್ನು ಪಾಠಹೇಳುತ್ತಿದ್ದ ಹಿರಿಯ ಪಂಡಿತರೊಬ್ಬರಿದ್ದರು. ರಜೆ ಬಂದರೆ ಅವರು ಹಳ್ಳಿಹಳ್ಳಿಗೆ ನಡೆದುಹೋಗಿ, ಮುದುಕಿಯರನ್ನು ಮಾತನಾಡಿಸಿ, ಗಿಡಮೂಲಿಕೆಗಳ ಹೆಸರುಗಳನ್ನು ಬರೆದುಕೊಳ್ಳುವರು. ಒಂದೆಲಗಕ್ಕೆ ಮಂಡೂಕಪರ್ಣಿ, ಅಮೃತಬಳ್ಳಿಗೆ ಗುಡೂಚಿ ಎಂಬಂತೆ ಸಂಸ್ಕೃತನಾಮವನ್ನು ಎದುರಿಗಿಟ್ಟು, ಯಾವ ಊರಿನಲ್ಲಿ ಯಾವ ಹೆಸರು, ಯಾವ ಬೇನೆಗೆ ಯಾವ ಬೇರು, ಹೇಳಿದವರು ಯಾರು ಎಂಬುದನ್ನೆಲ್ಲ ಚೀಟಿಗಳಲ್ಲಿ ಕೂಡಿಹಾಕಿದರು. 1993ರಲ್ಲಿ ನಮ್ಮ ಶಾಲೆಗೆ ದಾನವಾಗಿ ಒಂದು ಗಣಕಯಂತ್ರವು ಬಂದಿತು. ಭಾರತದ ಲಿಪಿಗಳನ್ನು ತೋರಿಸುವ ‘ಜಿಸ್ಟ್’ ಎಂಬ ಕಾರ್ಡು ಅದರಲ್ಲಿದ್ದಿತು. ಐವತ್ತು ದಾಟಿದ ವಯಸ್ಸಿನಲ್ಲಿ ಆ ಪಂಡಿತರು ಬೆರಳಚ್ಚನ್ನು ಕಲಿತು, ಮೂರು ವರ್ಷಗಳ ಸಾಯಂಕಾಲಗಳನ್ನು ವ್ಯಯಮಾಡಿ, ಕೋಶವನ್ನೆಲ್ಲ ಹನ್ನೊಂದು ಫ್ಲಾಪಿಗಳಲ್ಲಿ ತುಂಬಿಸಿಟ್ಟರು. ಅಚ್ಚುಹಾಕಿಸುವ ಅನುಕೂಲವು ಒದಗಲಿಲ್ಲ. ಅವರು ತೀರಿಕೊಂಡ ಬಳಿಕ ಅಟ್ಟದ ಮೇಲಿನ ಚೀಟಿಗಳ ಪೆಟ್ಟಿಗೆಯು ಗೆದ್ದಲಿನ ಪಾಲಾಯಿತು. ಫ್ಲಾಪಿಗಳ ಡಬ್ಬಿಯನ್ನು ಅವರ ಧರ್ಮಪತ್ನಿಯವರು ನನ್ನ ಕೈಗೆ ಕೊಟ್ಟು, “ಮೇಷ್ಟ್ರೇ, ಇದರಲ್ಲಿ ಏನಿದೆಯೋ ನನಗೆ ತಿಳಿಯದು, ಅವರ ಕಣ್ಣು ಹೋದದ್ದು ಮಾತ್ರ ಇದರಿಂದಲೇ,” ಎಂದರು.

ಆ ಫ್ಲಾಪಿಗಳು ಈಗ ಕೆಲವರಿಗೆ ನೆನಪಿರುವ ಮೂರೂವರೆ ಅಂಗುಲದ ಗಟ್ಟಿಯವಲ್ಲ. ಅವಕ್ಕೂ ಹಿಂದಿನ, ಬಾಗುವಂತಹ ಐದೂಕಾಲು ಅಂಗುಲದವು. ಒಂದೊಂದರಲ್ಲಿ 12,28,800 ಅಕ್ಷರಸ್ಥಾನಗಳು ಹಿಡಿಸುವುವು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಅಷ್ಟು ಸ್ಥಳವು ಅನೇಕವೇಳೆ ಸಾಲದು. ಆದರೆ ಬರಿಯ ಬರಹವಾದರೆ ಒಂದು ದೊಡ್ಡ ಗ್ರಂಥವೇ ಅಡಗೀತು. ಇವನ್ನು ಓದತಕ್ಕ ಡ್ರೈವನ್ನು ಯಾರೂ ತಯಾರಿಸದೆ ಬಹಳ ವರ್ಷಗಳಾದವು. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ ನಾನು ಎರಡು ದಿನ ಅಂಗಡಿಯಿಂದ ಅಂಗಡಿಗೆ ಅಲೆದೆನು. ಗುಜರಿಯವರೊಬ್ಬರಲ್ಲಿ ಒಂದು ಸಿಕ್ಕಿತಾದರೂ ಅದರ ತಿರುಗುವ ಭಾಗವು ತುಕ್ಕು ಹಿಡಿದು ನಿಂತಿದ್ದಿತು. ನನ್ನ ಮಗಳೂ ಅಳಿಯಂದಿರೂ ಟೋಕಿಯೋದಲ್ಲಿ ವಾಸವಾಗಿದ್ದಾರೆ. 2024ರ ನವೆಂಬರಿನಲ್ಲಿ ಅವರಲ್ಲಿಗೆ ಹೋಗುವ ಸಂದರ್ಭವು ಬಂದಾಗ ಅಳಿಯಂದಿರು, “ಮಾವ, ಹಳೆಯ ಸಾಮಾನನ್ನು ಜಪಾನಿನವರು ಬೇಗ ಎಸೆಯುವುದಿಲ್ಲ, ಎರಡು ಫ್ಲಾಪಿಗಳನ್ನು ಜೊತೆಯಲ್ಲಿ ತನ್ನಿ, ನೋಡೋಣ,” ಎಂದು ಬರೆದರು. ಅವರ ಮಾತು ನಿಜ. ಆ ದೇಶದ ಸರಕಾರದಲ್ಲಿಯೇ, ಅರ್ಜಿಗಳನ್ನು ಫ್ಲಾಪಿಯಲ್ಲಿ ಒಪ್ಪಿಸಬೇಕೆಂಬ ನಿಯಮಗಳು ಪೂರ್ತಿಯಾಗಿ ರದ್ದಾದದ್ದು 2024ರ ಜೂನ್ ತಿಂಗಳಲ್ಲಿ.

ಭಾರತೀಯರು ಹೆಚ್ಚಾಗಿ ನೆಲಸಿರುವ ನಿಶಿಕಸಾಯ್ ಎಂಬಲ್ಲಿ ಅವರ ಮನೆ. ಒಂದು ಶನಿವಾರ ಬೆಳಿಗ್ಗೆ ಅಳಿಯಂದಿರೂ, ಒಂಬತ್ತು ವರ್ಷದ ಮೊಮ್ಮಗಳೂ, ನಾನೂ ನೆಲದೊಳಗಣ ರೈಲನ್ನು ಹತ್ತಿ, ನಡುವೆ ಒಮ್ಮೆ ಗಾಡಿ ಬದಲಾಯಿಸಿ ಅಕಿಹಾಬರವನ್ನು ಸೇರಿದೆವು. ಮೇಲಿನ ರೈಲುನಿಲ್ದಾಣದ ಒಂದು ಬಾಗಿಲಿಗೆ ‘ಡೆಂಕಿಗಾಯ್’ ದ್ವಾರವೆಂದೇ ಹೆಸರು. ‘ಡೆಂಕಿ’ಯೆಂದರೆ ವಿದ್ಯುತ್ತು, ‘ಗಾಯ್’ ಎಂದರೆ ಬೀದಿ. ವಿದ್ಯುದ್ವೀಥಿಯೆಂದು ನಾನು ಮನಸ್ಸಿನಲ್ಲಿಯೇ ಹೆಸರಿಸಿಕೊಂಡೆನು. ದೊಡ್ಡ ಬೀದಿಯಲ್ಲಿ ಈಗ ಯಂತ್ರಗಳಿಗಿಂತ ಬೊಂಬೆಗಳೂ ಚಿತ್ರಕಥೆಯ ಪುಸ್ತಕಗಳೂ ಆಟದ ಸಾಮಾನುಗಳೂ ಹೆಚ್ಚು. ವಿಚಿತ್ರವಾದ ಉಡುಪು ಧರಿಸಿದ ಹುಡುಗಿಯರು ಕಾಫಿಯ ಅಂಗಡಿಗಳಿಗೆ ಜನರನ್ನು ಕರೆಯುತ್ತ ನಿಂತಿರುತ್ತಾರೆ. ಅದನ್ನೆಲ್ಲ ವರ್ಣಿಸಲು ನನ್ನಂತಹವನು ತಕ್ಕವನಲ್ಲ. ಹಳೆಯ ಪೇಟೆಯನ್ನು ನೋಡಬೇಕಾದರೆ ಸೇತುವೆಯ ಕೆಳಗೂ ಹಿಂದಣ ಓಣಿಗಳಿಗೂ ಹೋಗಬೇಕು.

ರೇಡಿಯೋ ಸೆಂಟರಿನ ಒಳಗೆ ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಮೈ ಓರೆಮಾಡಬೇಕು. ಒಂದೊಂದು ಅಂಗಡಿಯೂ ನಮ್ಮ ಮನೆಗಳ ದೇವರ ಕೋಣೆಯಷ್ಟೇ ಇದೆ. ನಡುವೆ ಅಂಗಡಿಯವರು ಕುಳಿತಿರುತ್ತಾರೆ. ಸುತ್ತಲೂ ಕೈಗೆ ನಿಲುಕುವಂತೆ ನೂರಾರು ಪುಟ್ಟ ಖಾನೆಗಳು. ಒಬ್ಬರಲ್ಲಿ ಸ್ವಿಚ್ಚುಗಳು ಮಾತ್ರ. ಇನ್ನೊಬ್ಬರಲ್ಲಿ ಬಣ್ಣಬಣ್ಣದ ತಂತಿಗಳು ಮಾತ್ರ. ಮತ್ತೊಬ್ಬರಲ್ಲಿ ಮುಳ್ಳು ತಿರುಗುವ ಅಳತೆಯ ಮಾಪಕಗಳು. ಮಗದೊಬ್ಬರಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ರೇಡಿಯೋದ ಹಿಂಬದಿಯಲ್ಲಿ ಕೆಂಪಗೆ ಬೆಳಗುತ್ತಿದ್ದಂತಹ ಗಾಜಿನ ವಾಲ್ವುಗಳು. ಮೇಲೆ ರೈಲು ಹೋದಾಗಲೆಲ್ಲ ಖಾನೆಗಳು ಸಣ್ಣಗೆ ನಡುಗುವುವು. ಒಂದು ಅಂಗಡಿಯಲ್ಲಿ ಇಲ್ಲದ ವಸ್ತುವನ್ನು ಕೇಳಿದರೆ ‘ಇಲ್ಲ’ವೆಂದು ಸುಮ್ಮನಾಗರು, ಎದ್ದುಬಂದು, ಅದು ದೊರೆಯುವ ಅಂಗಡಿಯನ್ನು ಬೆರಳಿನಿಂದ ತೋರಿಸುವರು. ಚೌಕಾಸಿಯ ಮಾತಿಲ್ಲ. ಹಣವನ್ನು ಕೈಗೆ ಕೊಡುವುದೂ ಇಲ್ಲ. ಅದಕ್ಕೆಂದೇ ಇಟ್ಟಿರುವ ಚಿಕ್ಕ ತಟ್ಟೆಯಲ್ಲಿ ಇಡಬೇಕು, ಚಿಲ್ಲರೆಯೂ ಅದರಲ್ಲಿಯೇ ಬರುವುದು.

ಇಲ್ಲಿ ನನಗೆ ಅತ್ಯಾಶ್ಚರ್ಯವಾದ ಸಂಗತಿಯೊಂದನ್ನು ಹೇಳಬೇಕು. ಒಂದು ಅಂಗಡಿಯ ಖಾನೆಗಳಿಗೆ ಜಪಾನೀ ಅಕ್ಷರಗಳ ಚೀಟಿಗಳನ್ನು ಅಂಟಿಸಿದ್ದರು. ಮೊಮ್ಮಗಳು ಅವನ್ನು ಓದುತ್ತ, “ಅಜ್ಜ, ಇದು ಸುಲಭ. ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಈ ಕ್ರಮದಲ್ಲಿ ಇಟ್ಟಿದ್ದಾರೆ,” ಎಂದಳು. ವಾಚಕರು ಇದನ್ನು ಒಮ್ಮೆ ಗಟ್ಟಿಯಾಗಿ ಓದಿನೋಡಬೇಕು. ಮೊದಲು ಸ್ವರಗಳು; ಬಳಿಕ ಕಂಠ್ಯದಿಂದ ಓಷ್ಠ್ಯದವರೆಗಿನ ವರ್ಗಗಳು; ಕೊನೆಗೆ ಯ, ರ, ವ ಎಂಬ ಅಂತಸ್ಥಗಳು. ಅವರ ಈಗಿನ ‘ಹ’ಕಾರವು ಪೂರ್ವದಲ್ಲಿ ‘ಪ’ಕಾರವಾಗಿದ್ದಿತೆಂದೂ, ‘ಸ’ಕಾರದ ಉಚ್ಚಾರಣೆಯು ಚವರ್ಗಕ್ಕೆ ಸಮೀಪವಾಗಿದ್ದಿತೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದಮೇಲೆ ಇದು ನಮ್ಮ ವರ್ಣಮಾಲೆಯ ಕ್ರಮವಲ್ಲದೆ ಮತ್ತೇನು? ಕೂಕಾಯ್ ಎಂಬ ಬೌದ್ಧಭಿಕ್ಷುವು ಚೀನದಲ್ಲಿ ಸಂಸ್ಕೃತದ ಸಿದ್ಧಂ ಲಿಪಿಯನ್ನು ಕಲಿತು 806ರಲ್ಲಿ ಸ್ವದೇಶಕ್ಕೆ ಮರಳಿದನು. ಅಂತಹ ಭಿಕ್ಷುಗಳ ಸಂಸ್ಕೃತಾಧ್ಯಯನದ ಪ್ರಭಾವದಿಂದಲೇ ಜಪಾನೀ ಅಕ್ಷರಗಳಿಗೆ ಈ ಅನುಕ್ರಮವು ಬಂದಿತು. ಶಿಕ್ಷಾಶಾಸ್ತ್ರದ ಸ್ಥಾನಕ್ರಮವು ಸಾವಿರ ವರ್ಷಗಳ ಬಳಿಕ, ಸ್ಕ್ರೂಗಳನ್ನೂ ಸ್ವಿಚ್ಚುಗಳನ್ನೂ ಹುಡುಕುವುದಕ್ಕೆ ಒದಗುತ್ತಿರುವುದನ್ನು ನೋಡಿ ನಾನು ಬಹಳ ಹೊತ್ತು ಅಲ್ಲಿಯೇ ನಿಂತೆನು.

ಬೇಕಾದುದು ಮೂರು ವಸ್ತು. ಮೊದಲನೆಯದು ಡ್ರೈವು. ಎರಡನೆಯದು ಅದಕ್ಕೆ ಒಪ್ಪುವ 34 ಎಳೆಗಳ ಪಟ್ಟಿಯಂತಹ ಕೇಬಲು. ಐದೂಕಾಲು ಅಂಗುಲದ ಡ್ರೈವಿಗೆ ಅದರ ತುದಿಯಲ್ಲಿ ಬಿಲ್ಲೆಯ ಅಂಚನ್ನು ಕಚ್ಚಿಹಿಡಿಯುವ ಅಗಲವಾದ ಕನೆಕ್ಟರು ಇರತಕ್ಕದ್ದು, ಮೂರೂವರೆ ಅಂಗುಲದ್ದಕ್ಕೆ ಹಾಕುವ ಕನೆಕ್ಟರು ಇದಕ್ಕೆ ಕೂಡುವುದಿಲ್ಲ. ಮೂರನೆಯದು ಡ್ರೈವಿಗೂ ಇಂದಿನ ಗಣಕಯಂತ್ರಕ್ಕೂ ನಡುವಣ ದುಭಾಷಿ. ಈಗಿನ ಯಂತ್ರಗಳಲ್ಲಿ ಫ್ಲಾಪಿಯನ್ನು ಕೂಡಿಸುವ ಸ್ಥಳವೇ ಇಲ್ಲವಾದುದರಿಂದ, ‘ಗ್ರೀಸ್‌ವೀಜಲ್’ ಎಂಬ ಅಂಗೈಯಷ್ಟಗಲದ ಒಂದು ಬಿಲ್ಲೆಯನ್ನು ಅಳಿಯಂದಿರು ಮೊದಲೇ ತರಿಸಿಟ್ಟಿದ್ದರು. ಅದು ಅಕ್ಷರಗಳನ್ನು ಓದಹೋಗುವುದಿಲ್ಲ. ಫ್ಲಾಪಿಯ ಮೇಲಿನ ಕಾಂತತೆಯು ಎಲ್ಲೆಲ್ಲಿ ಬದಲಾಗುವುದೋ ಅದನ್ನೆಲ್ಲ ಹಾಗೆಹಾಗೆಯೇ ಗುರುತಿಸಿಕೊಳ್ಳುವುದು. ಅರ್ಥಮಾಡುವ ಕೆಲಸವನ್ನು ಆಮೇಲೆ ಸಾವಕಾಶವಾಗಿ ಗಣಕಯಂತ್ರದಲ್ಲಿ ಮಾಡಬಹುದು. ಜೀರ್ಣವಾದ ತಾಳೆಗರಿಯನ್ನು ಮೊದಲು ಚಿತ್ರ ತೆಗೆದುಕೊಂಡು ಆಮೇಲೆ ಪಾಠಶೋಧನೆ ಮಾಡುವಂತೆ.

ಕೇಬಲು ಸುಲಭವಾಗಿ ದೊರೆಯಿತು. ‘ಟೋಕಿಯೋ ರೇಡಿಯೋ ಡಿಪಾರ್ಟ್’ ಎಂಬ ಮಹಡಿಯ ಕಟ್ಟಡದಲ್ಲಿ ಇಂತಹ ಅಂಗಡಿಗಳು ಅನೇಕವಿವೆ. ಅಲ್ಲಿ ಒಬ್ಬರು ಪಟ್ಟಿಯನ್ನು ಅಳೆದು ಕತ್ತರಿಸಿಕೊಟ್ಟರು. ಕನೆಕ್ಟರನ್ನು ಬೇರೆಯಾಗಿ ಕೊಂಡು ಒತ್ತಿಕೂಡಿಸಿಕೊಳ್ಳಬೇಕಾಯಿತು. ಡ್ರೈವಿಗಾಗಿ ಮಾತ್ರ ನಾಲ್ಕು ಗಂಟೆ ತಿರುಗಿದೆವು. ಹಿಂದಣ ಓಣಿಗಳಲ್ಲಿ ‘ಜಂಕ್’ ಅಂಗಡಿಗಳೆಂಬವು ಉಂಟು. ಇಂಗ್ಲಿಷಿನ ಆ ಮಾತಿಗೆ ಅಲ್ಲಿ ಒಂದು ನಿಯತವಾದ ಅರ್ಥವಿದೆ: ಇದ್ದದ್ದು ಇದ್ದಂತೆ, ನಡೆದರೆ ನಿಮ್ಮ ಭಾಗ್ಯ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬುಟ್ಟಿಗಳಲ್ಲಿ ತರಕಾರಿಯಂತೆ ಸುರಿದಿದ್ದ ಹಳೆಯ ಕೀಲಿಮಣೆಗಳು, ನೆನಪಿನ ಬಿಲ್ಲೆಗಳು, ಫ್ಯಾನುಗಳು, ಎಂದೋ ಮರೆತುಹೋದ ಯಂತ್ರಗಳ ಕರೆಂಟಿನ ಪೆಟ್ಟಿಗೆಗಳು. ಎಲ್ಲವೂ ಒರಸಿ ಚೊಕ್ಕಟವಾಗಿದ್ದವು. ಮೂರೂವರೆ ಅಂಗುಲದ ಡ್ರೈವುಗಳು ಎಷ್ಟು ಬೇಕಾದರೂ ಇದ್ದವು. ಅವುಗಳಲ್ಲಿಯೂ ಜಪಾನಿಗೇ ವಿಶಿಷ್ಟವಾದ ‘ತ್ರೀ ಮೋಡ್’ ಎಂಬ ಒಂದು ಜಾತಿಯುಂಟು. ಅಲ್ಲಿಯ ಹಳೆಯ ಗಣಕಯಂತ್ರಗಳು ಫ್ಲಾಪಿಯನ್ನು ನಿಮಿಷಕ್ಕೆ 360 ಸುತ್ತು ತಿರುಗಿಸುತ್ತಿದ್ದವು. ಬೇರೆ ದೇಶಗಳ ಮೂರೂವರೆ ಅಂಗುಲದ ಡ್ರೈವುಗಳು 300 ಸುತ್ತು. ಎರಡನ್ನೂ ಬಲ್ಲದ್ದು ‘ತ್ರೀ ಮೋಡ್’ ಡ್ರೈವು.

ನಮ್ಮ 1.2 ಮೆಗಾಬೈಟಿನ ದೊಡ್ಡ ಫ್ಲಾಪಿಗಳನ್ನು ಬರೆದಿದ್ದ ಡ್ರೈವೂ 360 ಸುತ್ತಿನದೇ. ಆದಕಾರಣ ಜಪಾನಿನ ಹಳೆಯ ಡ್ರೈವು ನಮಗೂ ಸಲ್ಲುವುದೆಂದು ಅಳಿಯಂದಿರು ನಿರ್ಧರಿಸಿದ್ದರು. ಕಡೆಗೆ ಒಂದು ಮೂರನೆಯ ಮಹಡಿಯ ಅಂಗಡಿಯಲ್ಲಿ, ಎಪ್ಪತ್ತು ದಾಟಿರಬಹುದಾದ ಒಬ್ಬ ವೃದ್ಧರು ಒಳಗಿನಿಂದ ಎರಡು ಡ್ರೈವುಗಳನ್ನು ತಂದಿಟ್ಟರು. ಒಂದು 2,000 ಯೆನ್, ‘ಜಂಕ್’. ಇನ್ನೊಂದು 6,000 ಯೆನ್, ಪರೀಕ್ಷಿಸಿ ನಡೆಯುವುದೆಂದು ಚೀಟಿ ಅಂಟಿಸಿದ್ದು; ನಮ್ಮ ಹಣದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ. ನಾನು ಚೀಲದಿಂದ ಒಂದು ಫ್ಲಾಪಿಯನ್ನು ತೆಗೆದು ತೋರಿಸಿದೆನು. ಅವರು ಅದನ್ನು ಎರಡು ಕೈಗಳಿಂದಲೂ ತೆಗೆದುಕೊಂಡು, ದೀಪದ ಕೆಳಗೆ ಹಿಡಿದು, ನಡುವಣ ರಂಧ್ರದಲ್ಲಿ ಬೆರಳಿಟ್ಟು ಮೆಲ್ಲಗೆ ತಿರುಗಿಸಿ, ಕಿಂಡಿಯ ಮೂಲಕ ಕಪ್ಪು ತಟ್ಟೆಯ ಮೈಯನ್ನು ಪರೀಕ್ಷಿಸಿದರು. ಬಳಿಕ ಅಳಿಯಂದಿರೊಡನೆ ಸ್ವಲ್ಪ ಹೊತ್ತು ಮಾತನಾಡಿದರು. ಅದರ ತಾತ್ಪರ್ಯವು ಇದು: ‘ಇದರಲ್ಲಿ ಬೂಷ್ಟಿಲ್ಲ, ಧೈರ್ಯವಾಗಿ ಹಾಕಬಹುದು. ಬಿಳಿಯ ಚುಕ್ಕೆಗಳು ಕಂಡರೆ ಮಾತ್ರ ಎಂದಿಗೂ ಹಾಗೆಯೇ ಹಾಕಬೇಡಿ. ಬೂಷ್ಟು ಓದುವ ತಲೆಗೆ ಅಂಟಿಕೊಂಡು ಆ ಫ್ಲಾಪಿಯನ್ನೂ ಗೀರಿ, ಮುಂದಿನದಕ್ಕೂ ಹತ್ತುವುದು. ಪ್ರತಿಯೊಂದು ಫ್ಲಾಪಿಯಾದಮೇಲೆಯೂ ತಲೆಯನ್ನು ಒರಸಿ. ನಿಮ್ಮ ಹಳೆಯ ಬರಹಕ್ಕೆ ಮುಂಚೆ ಬೇಡವಾದ ಫ್ಲಾಪಿಯೊಂದನ್ನು ಹಾಕಿ ಪರೀಕ್ಷಿಸಿ.’ ಹೀಗೆ ಹೇಳಿ, ಬೇಡವಾದ ಫ್ಲಾಪಿಯೊಂದನ್ನು ಅವರೇ ಒಳಗಿನಿಂದ ತಂದು ಕಾಗದದಲ್ಲಿ ಸುತ್ತಿ ಕೊಟ್ಟರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಇದರಲ್ಲಿ ಏನಿದೆಯೆಂದು ಕೇಳಿದರು. ಮೂಲಿಕೆಗಳ ಹೆಸರುಗಳೆಂದು ಮೊಮ್ಮಗಳು ಹೇಳಿದಳು. ವೃದ್ಧರು ಎದ್ದುನಿಂತು ನನಗೆ ನಮಸ್ಕರಿಸಿದರು. ನಾನೂ ಕೈಮುಗಿದು, 6,000 ಯೆನ್ನನ್ನು ತಟ್ಟೆಯಲ್ಲಿಟ್ಟೆನು.

ಹಿಂದಿರುಗುವ ಮೊದಲು ಹತ್ತಿರದ ದಿಬ್ಬದ ಮೇಲಿರುವ ಕಾಂಡ ಮ್ಯೋಜಿನ್ ಎಂಬ ದೇವಾಲಯಕ್ಕೆ ಹೋದೆವು. ಅದು 730ರಲ್ಲಿ ಸ್ಥಾಪಿತವಾದುದೆಂದೂ 1616ರಿಂದ ಈಗಿನ ಸ್ಥಳದಲ್ಲಿರುವುದೆಂದೂ ಹೇಳುತ್ತಾರೆ. ಅಲ್ಲಿ ಮೂಟೆಯನ್ನು ಹೊತ್ತು ನಗುವ ದಾಯ್ಕೊಕು ದೇವರ ದೊಡ್ಡ ಶಿಲಾಮೂರ್ತಿಯಿದೆ. ‘ದಾಯ್ಕೊಕು’ ಎಂದರೆ ಮಹಾಕಾಲ. ನಮ್ಮ ಭಯಂಕರನಾದ ಮಹಾಕಾಲನೇ ಬೌದ್ಧರೊಡನೆ ಅಲ್ಲಿಗೆ ಹೋಗಿ, ಆ ದೇಶದ ಒಬ್ಬ ದೇವರೊಡನೆ ಬೆರೆತು, ಧಾನ್ಯಧನಗಳನ್ನು ಕೊಡುವ ಗೃಹದೇವತೆಯಾಗಿದ್ದಾನೆ. ಗಣಕಯಂತ್ರದಲ್ಲಿರುವ ವಿಷಯಗಳು ಕೆಡದಿರಲೆಂದು ಈ ದೇವಾಲಯದಲ್ಲಿ ಒಂದು ರಕ್ಷೆಯನ್ನು ಕೊಡುತ್ತಾರೆ. ಮೊಮ್ಮಗಳ ಒತ್ತಾಯಕ್ಕೆ ಅದನ್ನೂ ಒಂದು ಕೊಂಡೆವು.

ಪ್ರಯಾಣಮಾಡುವವರಿಗೆ ಉಪಯೋಗವಾಗುವ ಒಂದು ಮಾತು. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟು, ನಮ್ಮದು 230. ಅಲ್ಲಿ ಗೋಡೆಗೆ ಚುಚ್ಚುವ ಯಂತ್ರವನ್ನು ಕೊಂಡುತಂದು ಇಲ್ಲಿ ಹಾಗೆಯೇ ಚುಚ್ಚಿದರೆ ಸುಟ್ಟುಹೋದೀತು; ಎರಡಕ್ಕೂ ಸಲ್ಲುವುದೆಂದು ಅದರ ಮೇಲೆಯೇ ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು. ಗಣಕಯಂತ್ರದ ಒಳಭಾಗಗಳಿಗೆ ಈ ತೊಂದರೆಯಿಲ್ಲ. ನಾನು ಕೊಂಡ ಡ್ರೈವು 5 ಮತ್ತು 12 ವೋಲ್ಟಿನಲ್ಲಿ ನಡೆಯತಕ್ಕದ್ದು, ಅದು ಎಲ್ಲ ದೇಶಗಳಲ್ಲಿಯೂ ಒಂದೇ.

ಆ ರಾತ್ರಿ ವೃದ್ಧರು ಕೊಟ್ಟ ಫ್ಲಾಪಿಯನ್ನು ಮೊದಲು ಹಾಕಿದೆವು. ಡ್ರೈವು ಸರಿಯಾಗಿ ನಡೆಯಿತು. ಆಮೇಲೆ ಪಂಡಿತರದನ್ನು ಹಾಕಿದೆವು. ಒಳಗೆ ಕಿರ್ರೆಂಬ ಸದ್ದು ಹೆಜ್ಜೆಹೆಜ್ಜೆಯಾಗಿ 80 ಸುತ್ತುಗಳನ್ನೂ ದಾಟಿಹೋಯಿತು. ಬರಹವು ಭಾರತಸರಕಾರದ 1991ರ ‘ಇಸ್ಕಿ’ ಎಂಬ ಸಂಕೇತದಲ್ಲಿದ್ದಿತು. ಆ ಸಂಕೇತವೂ ವರ್ಣಮಾಲೆಯ ಕ್ರಮವನ್ನೇ ಅನುಸರಿಸಿದುದು. ಇಂದಿನ ಯೂನಿಕೋಡಿನ ಕನ್ನಡ ಭಾಗವೂ ಅದೇ ಕ್ರಮವನ್ನು ಆಧಾರವಾಗಿಟ್ಟುಕೊಂಡದ್ದು. ಆದುದರಿಂದ ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದು ಕಷ್ಟವಾಗಲಿಲ್ಲ. ಪರದೆಯ ಮೇಲೆ ಮೊದಲು ಮೂಡಿದ ಪದ ‘ಅಮೃತಬಳ್ಳಿ’, ಎದುರಿಗೆ ‘ಗುಡೂಚೀ’, ಕೆಳಗೆ ಅದನ್ನು ತಿಳಿಸಿದ ಮುದುಕಿಯ ಹೆಸರೂ ಊರೂ. ಮೂವತ್ತು ವರ್ಷಗಳ ಹಿಂದೆ ಅದನ್ನು ಅವರು ಬೆರಳಚ್ಚು ಮಾಡುವಾಗ ಪಕ್ಕದಲ್ಲಿ ಕುಳಿತು ಕಾಗುಣಿತವನ್ನು ನೋಡಿದವನು ನಾನು.

ಉಳಿದ ಒಂಬತ್ತು ಫ್ಲಾಪಿಗಳನ್ನು ಊರಿಗೆ ಬಂದಮೇಲೆ ಓದಿಸಿದೆನು. ಒಟ್ಟು ಹನ್ನೊಂದರಲ್ಲಿ ಎಂಟು ಪೂರ್ತಿಯಾಗಿ ಸಿಕ್ಕಿದವು. ಎರಡರಲ್ಲಿ ಅಲ್ಲಲ್ಲಿ ಕೆಲವು ಪುಟಗಳು ಲೋಪವಾಗಿವೆ. ಒಂದು ಮಾತ್ರ ಮಲೆನಾಡಿನ ಮಳೆಗೆ ಬೂಷ್ಟು ಹಿಡಿದು, ಎಷ್ಟು ಎಚ್ಚರಿಕೆಯಿಂದ ಒರಸಿದರೂ ಓದಲಿಲ್ಲ. ಅದು ತವರ್ಗದ್ದು: ತುಂಬೆ, ದೊಡ್ಡಪತ್ರೆ, ನೆಲನೆಲ್ಲಿ ಮೊದಲಾದವೆಲ್ಲ ಅದರಲ್ಲಿದ್ದಿರಬೇಕು. ಸಿಕ್ಕ ಭಾಗವನ್ನೆಲ್ಲ ಕಾಗದದ ಮೇಲೆ ಅಚ್ಚುಮಾಡಿಸಿ, ಒಂದು ಪ್ರತಿಯನ್ನು ಪಂಡಿತರ ಮನೆಯಲ್ಲಿ ಕೊಟ್ಟೆನು. ಅಮ್ಮನವರು ಕನ್ನಡಕವನ್ನು ಹಾಕಿಕೊಂಡು, ಯಾವ ಮುದುಕಿಯರು ಯಾವ ಊರಿನವರೆಂದು ನೋಡುತ್ತ, ಅವರಲ್ಲಿ ಇಬ್ಬರು ಇನ್ನೂ ಬದುಕಿದ್ದಾರೆಂದು ತಿಳಿಸಿದರು. ತವರ್ಗದ ಪದಗಳನ್ನು ಮತ್ತೆ ಕೂಡಿಸುವುದಕ್ಕಾಗಿ ನಾನು ಈಗ ಆ ಊರುಗಳಿಗೆ ಹೋಗಿಬರುತ್ತಿದ್ದೇನೆ. ಹಿರಿಯವರಿಗೆ ತೊಂಬತ್ತರ ಹತ್ತಿರ ವಯಸ್ಸು; ಹೆಸರುಗಳು ಬಾಯಲ್ಲಿವೆ, ಗಿಡಗಳನ್ನು ಗುರುತಿಸುವ ಕಣ್ಣು ಮಂದವಾಗಿದೆ. ಎಲೆಯನ್ನು ತಿಕ್ಕಿ ಮೂಗಿನ ಬಳಿ ಹಿಡಿದರೆ ಹೇಳುತ್ತಾರೆ.

ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಇಂತಹ ಹಳೆಯ ಫ್ಲಾಪಿಗಳೂ, ಸೀಡಿಗಳೂ, ಹಾಡಿನ ಕ್ಯಾಸೆಟ್ಟುಗಳೂ ಅಟ್ಟದಲ್ಲಿಯೋ ಬೀರುವಿನ ಮೂಲೆಯಲ್ಲಿಯೋ ಇರಬಹುದು. ತಂದೆಯವರ ಲೆಕ್ಕವೋ, ಅಜ್ಜಿಯ ಹಾಡೋ, ಮದುವೆಯ ಮಾತುಕತೆಯೋ ಅವುಗಳಲ್ಲಿದ್ದೀತು. ಅವನ್ನು ಒಣಗಿದ ತಂಪಾದ ಜಾಗದಲ್ಲಿ, ಸ್ಪೀಕರು ಮೊದಲಾದ ಕಾಂತವುಳ್ಳ ವಸ್ತುಗಳಿಂದ ದೂರವಾಗಿ, ನೆಟ್ಟಗೆ ನಿಲ್ಲಿಸಿಡಬೇಕು. ಬಿಳಿಯ ಚುಕ್ಕೆ ಕಂಡದ್ದನ್ನು ಬೇರೆಯಾಗಿ ಇಡಬೇಕು. ಓದುವ ಯಂತ್ರಗಳು ವರ್ಷವರ್ಷಕ್ಕೂ ದುರ್ಲಭವಾಗುತ್ತಿವೆ; ಅವನ್ನು ರಿಪೇರಿ ಮಾಡಬಲ್ಲವರೂ ಮುದುಕರಾಗುತ್ತಿದ್ದಾರೆ. ಓದಿಸಿದಮೇಲೆ ಎರಡು ಕಡೆ ನಕಲು ಇಟ್ಟು, ಮುಖ್ಯವಾದುದನ್ನು ಒಳ್ಳೆಯ ಕಾಗದದ ಮೇಲೆಯೂ ಅಚ್ಚುಮಾಡಿಸಿಡುವುದು ಉತ್ತಮ. ಅಟ್ಟದ ಡಬ್ಬಿಯನ್ನು ಬರುವ ಮಳೆಗಾಲಕ್ಕೆ ಮುಂಚೆಯೇ ಒಮ್ಮೆ ತೆಗೆದು ನೋಡಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.